‘ಮದುವೆಯಾದರೆ ಸರಿಹೋಗುತ್ತದೆ’

ಮುಟ್ಟಿನ ನೋವು ಹೆಣ್ಣುಜನ್ಮಕ್ಕೆ ಅಂಟಿಬಂದದ್ದು, ಸಹಿಸಿಕೊಳ್ಳಬೇಕು ಎಂಬುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ನನ್ನ ತಂಗಿಯ ಮಗಳು ಈ ಮಾತನ್ನು ಕೇಳುತ್ತಲೇ ಒಂಬತ್ತು ವರ್ಷ ಕಳೆದಳು. ತಿಂಗಳಿಗೆ ಮೂರು ದಿನ ಜೀರಿಗೆ ಕಷಾಯ, ಬಿಸಿನೀರಿನ ಚೀಲ, ನೋವಿನ ಮಾತ್ರೆ. “ಮದುವೆಯಾದರೆ ಸರಿಹೋಗುತ್ತದೆ” ಎಂದರು ಹಿರಿಯರು. ಮದುವೆಯಾದ ಮೇಲೆ “ಒಂದು ಮಗುವಾದರೆ ಸರಿಹೋಗುತ್ತದೆ” ಎಂದರು. ಕಡೆಗೆ ವೈದ್ಯೆಯೊಬ್ಬರು ಸ್ಕ್ಯಾನ್ ನೋಡಿ ಅದಕ್ಕೊಂದು ಹೆಸರು ಹೇಳಿದರು: ಎಂಡೊಮೆಟ್ರಿಯೋಸಿಸ್. ಎಡ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟು. ಕಂದು ಬಣ್ಣದ ಕಾರಣ ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. (ಇಂಥ ನೋವಿಗೆ ಇಂಥ ಸಿಹಿ ಹೆಸರಿಟ್ಟವರ ರಸಿಕತೆಗೆ ಏನೆನ್ನಲಿ!)

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕರುಳು ಮುಂತಾದ ಕಡೆಗಳಲ್ಲಿ ಬೆಳೆದು ಉರಿಯೂತ ತರುವುದೇ ಈ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇಕಡಾ 10 ಮಂದಿಗೆ ಇದಿದೆ. ನಮ್ಮ ತರಗತಿಯ 40 ಹುಡುಗಿಯರಲ್ಲಿ ನಾಲ್ವರು ಎಂದಾಯಿತು.

ಬೇರುಸಹಿತ ಕಿತ್ತೊಗೆಯುವ ಮದ್ದು ಇನ್ನೂ ಇಲ್ಲ, ಹತೋಟಿಯಲ್ಲಿಡುವ ದಾರಿಗಳಿವೆ. ಗರ್ಭನಿರೋಧಕ ಗುಳಿಗೆ, ಡೈನೋಜೆಸ್ಟ್ ಎಂಬ ಹಾರ್ಮೋನಿನ ಮಾತ್ರೆ, ಗರ್ಭಕೋಶದೊಳಗೆ ಇರಿಸುವ ಹಾರ್ಮೋನ್ ಸಾಧನ ಇವೆಲ್ಲ ನೋವನ್ನು ತಗ್ಗಿಸುತ್ತವೆ. ಆದರೆ ಇವುಗಳನ್ನು ಬಳಸುವಷ್ಟು ಕಾಲ ಬಸಿರು ನಿಲ್ಲುವಂತಿಲ್ಲ. ನಮ್ಮ ಹುಡುಗಿಯ ಇಕ್ಕಟ್ಟು ಇಲ್ಲಿಯೇ: ಮಗುವೂ ಬೇಕು, ನೋವೂ ತಗ್ಗಬೇಕು. ಲ್ಯಾಪರೋಸ್ಕೋಪಿಯಿಂದ ಗಂಟನ್ನು ತೆಗೆಯಬಹುದು, ಬಸಿರಿಗೆ ಅನುಕೂಲವೂ ಆಗಬಹುದು. ಆದರೆ ಅಂಡಾಶಯದಲ್ಲಿ ಉಳಿದಿರುವ ಅಂಡಗಳ ಸಂಖ್ಯೆ ಕುಗ್ಗುವ ಅಪಾಯವುಂಟು, ಗಂಟು ಮತ್ತೆ ಬರುವುದೂ ಉಂಟು. ಶಸ್ತ್ರಚಿಕಿತ್ಸೆಯಿಲ್ಲದೆ ನೇರವಾಗಿ ಐ.ವಿ.ಎಫ್.ಗೆ ಹೋಗುವುದು ಇನ್ನೊಂದು ದಾರಿ, ಖರ್ಚಿನದು.

ಬಂಧುಗಳೊಬ್ಬರು “ಗರ್ಭಕೋಶವನ್ನೇ ತೆಗೆಸಿಬಿಡಿ, ಪೀಡೆ ಹೋಯಿತು” ಎಂದರು. ಮಗು ಬೇಕೆನ್ನುವವಳಿಗೆ ಆಡುವ ಮಾತೇ ಇದು? ಹೊರಗೆ ಬೆಳೆದದ್ದು ಉಳಿದರೆ ಆ ಮೇಲೂ ನೋವು ಉಳಿಯಬಹುದು. ಬಸಿರಾದರೆ ವಾಸಿಯಾಗುತ್ತದೆ ಎಂಬುದೂ ಅಷ್ಟೇ: ಈ ರೋಗದ ಚಿಕಿತ್ಸೆಗೆಂದೇ ಬಸಿರಾಗಲು ಸಲಹೆ ಕೊಡಕೂಡದೆಂದು ಯುರೋಪಿನ ಸಂತಾನಶಾಸ್ತ್ರ ತಜ್ಞರ ಸಂಘವು 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

“ದೊಡ್ಡಮ್ಮ, ನೋವಿಲ್ಲದ ಒಂದು ತಿಂಗಳು ಹೇಗಿರುತ್ತೆ ಅಂತ ನೋಡಬೇಕು” ಎಂದಳು ಮೊನ್ನೆ. ಅಂಡಗಳ ಸಂಖ್ಯೆಯನ್ನು ಅಂದಾಜಿಸುವ ರಕ್ತಪರೀಕ್ಷೆ ಮುಗಿದಿದೆ. ಗಂಡಹೆಂಡತಿ ಕೂಡಿ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದಾರೆ. ಮುಂದಿನ ತಿಂಗಳು ದಿನ ಗೊತ್ತಾಗಿದೆ; ನಾನೂ ಹೊರಟಿದ್ದೇನೆ.