ಜುಮ್ಲಾದ ಜಟಾಮಾಂಸಿ

ನೇಪಾಳದ ಪಶ್ಚಿಮ ಭಾಗದಲ್ಲಿ, ಹಿಮಾಲಯದ ಮಡಿಲಲ್ಲಿ, ಜುಮ್ಲಾ ಎಂಬ ಸೀಮೆಯೊಂದುಂಟು. ಭಾರತದ ಗಡಿಗೆ ಹೊಂದಿಕೊಂಡ ನೇಪಾಳಗಂಜಿನಿಂದ ಸುರ್ಖೇತವನ್ನು ಸೇರಿ, ಅಲ್ಲಿಂದ 232 ಕಿಲೋಮೀಟರುಗಳ ಕರ್ಣಾಲಿ ಹೆದ್ದಾರಿಯನ್ನು ಹಿಡಿಯಬೇಕು. ಹೆದ್ದಾರಿ ಎಂಬುದು ಹೆಸರಿಗೆ ಮಾತ್ರ. ಒಂದು ಮಗ್ಗುಲಿಗೆ ಕಡಿದಾದ ಬಂಡೆ, ಇನ್ನೊಂದು ಮಗ್ಗುಲಿಗೆ ಪ್ರಪಾತ. ರಸ್ತೆಯಾಗುವ ಮುನ್ನ ಉಪ್ಪೂ ಧಾನ್ಯವೂ ಕುರಿಗಳ ಬೆನ್ನೇರಿ ಈ ಕಣಿವೆಗಳನ್ನು ದಾಟುತ್ತಿದ್ದವು.

ತಿಲಾ ನದಿಯ ದಂಡೆಯಲ್ಲಿ, ಸುಮಾರು 2,500 ಮೀಟರ್ ಎತ್ತರದಲ್ಲಿ, ‘ಮಾರ್ಸಿ’ ಎಂಬ ಕೆಂಪು ಅಕ್ಕಿಯ ಗದ್ದೆಗಳಿವೆ, ಸೇಬಿನ ತೋಟಗಳಿವೆ. ಅವುಗಳ ಮೇಲೆ ಸೂಚಿಪರ್ಣಿಗಳ ಕಾಡು. ಆ ಕಾಡೂ ಮುಗಿದಲ್ಲಿ ತಣ್ಣನೆಯ ಗಾಳಿ ಬೀಸುವ ಬೋಳು ಹುಲ್ಲುಗಾವಲು. ನಿದ್ರೆಯ ಮದ್ದೆಂದು ಹೆಸರಾದ ಜಟಾಮಾಂಸಿಯ ತವರು ಇಂಥ ಸ್ಥಳವೇ. ಗೇಣುದ್ದದಿಂದ ಮೊಳದುದ್ದದವರೆಗಿನ ಪುಟ್ಟ ಗಿಡ, ನಸುಗೆಂಪು ಹೂ. ನೆಲದೊಳಗಿನ ಗೆಡ್ಡೆಬೇರಿಗೆ ಹಳೆಯ ಎಲೆತೊಟ್ಟುಗಳ ಕಂದು ನಾರು ಸುತ್ತಿಕೊಂಡು, ಬೈರಾಗಿಯ ಜಡೆಯಂತೆಯೇ ಕಾಣುತ್ತದೆ.

ಕನ್ನಡನಾಡಿನ ಗೃಹಿಣಿಗೆ ಈ ಬೇರು ಅಪರಿಚಿತವೇನಲ್ಲ. ಗ್ರಂಧಿಗೆ ಅಂಗಡಿಯ ಪೊಟ್ಟಣದಲ್ಲಿ ಮನೆಗೆ ಬಂದು, ಎಣ್ಣೆಯಲ್ಲಿ ಕಾದು, ನೆತ್ತಿಗೇರುತ್ತದೆ. ತಲೆ ತಂಪಾಗಿ ಕಣ್ಣು ತಾನಾಗಿ ಮುಚ್ಚುತ್ತದೆಂಬುದು ಹಿರಿಯರ ಅನುಭವ. ಚರಕಸಂಹಿತೆಯಲ್ಲಿ ಇದು ‘ಜಟಿಲಾ’ ಎಂಬ ಹೆಸರಿನಿಂದ, ಪ್ರಜ್ಞೆಯನ್ನು ನೆಲೆಗೊಳಿಸುವ ದ್ರವ್ಯಗಳ ಸಾಲಿನಲ್ಲಿ ಸೇರಿದೆ. ಯುರೋಪಿನವರು ನಿದ್ರೆಗಾಗಿ ಬಳಸುವ ವಲೇರಿಯನ್ ಇದರ ದಾಯಾದಿ. ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಇದರ ಸಾರವು ಮಂಪರು ತರಿಸಿದ್ದುಂಟು. ಮನುಷ್ಯರ ಮೇಲೆ ದೊಡ್ಡ ಪ್ರಮಾಣದ ಪರೀಕ್ಷೆಗಳು ಸಾಲದು. ಮೇಲಾಗಿ, ಭೂತಕೇಶಿ ಎಂಬ ಬೇರೊಂದು ಗಿಡದ ಬೇರನ್ನು ಇದರ ಹೆಸರಿನಲ್ಲಿ ಮಾರುವ ಚಾಳಿಯೂ ಇದೆ. ಆದುದರಿಂದ ನಿದ್ರೆಯ ಗುಳಿಗೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಇದನ್ನು ಹೊಟ್ಟೆಗೆ ತೆಗೆದುಕೊಳ್ಳುವುದು ಸಲ್ಲದು.

ಈ ಪರಿಮಳದ ಬೆಲೆ ಇಂದಿನದಲ್ಲ. ಕ್ರಿ.ಶ. ಒಂದನೆಯ ಶತಮಾನದ ರೋಮಿನಲ್ಲಿ ಇದರ ಒಂದು ಪೌಂಡಿಗೆ 100 ದಿನಾರಿಯಸ್ ಎಂದು ಪ್ಲಿನಿ ಬರೆದಿಟ್ಟಿದ್ದಾನೆ. ಎರಡನೆಯ ಶತಮಾನದಲ್ಲಿ ಕೇರಳದ ಮುಜಿರಿಸ್ ಬಂದರಿನಿಂದ ಹೊರಟ ‘ಹರ್ಮಾಪೊಲ್ಲೊನ್’ ಎಂಬ ಹಡಗಿನಲ್ಲಿ ಗಂಗಾತೀರದ ಜಟಾಮಾಂಸಿಯ 60 ಪೆಟ್ಟಿಗೆಗಳಿದ್ದುದನ್ನು ಒಂದು ಪಪೈರಸ್ ಪತ್ರ ಹೇಳುತ್ತದೆ.

ರೋಮಿನ ಶ್ರೀಮಂತರಾಗಲಿ ಇಂದಿನ ಗಿರಾಕಿಗಳಾಗಲಿ ಕಾಣದಿರುವುದು ಬೇರನ್ನು ಅಗೆಯುವ ಕೈಗಳನ್ನು. ಶರತ್ಕಾಲದಲ್ಲಿ ಹೆಂಗಸರೂ ಹುಡುಗರೂ ಸಹ ಬುತ್ತಿ ಕಟ್ಟಿಕೊಂಡು ಮೇಲೇರುತ್ತಾರೆ; ಚಿಕ್ಕ ಗುದ್ದಲಿಯಿಂದ ಅಗೆದು, ಒಣಗಿಸಿ, ಹೊತ್ತಿಳಿಸುತ್ತಾರೆ. ಉಪ್ಪು, ಬಟ್ಟೆ, ಮಕ್ಕಳ ಪುಸ್ತಕಕ್ಕೆ ಹಣ ಬರುವ ದಾರಿ ಅದು; ಬೇಡವೆನ್ನಲು ಯಾರಿಗೆ ಮನಸ್ಸು ಬಂದೀತು! ಆದರೆ ಎಲೆ ಕಿತ್ತರೆ ಗಿಡ ಚಿಗುರೀತು, ಬೇರನ್ನೇ ಕಿತ್ತರೆ ಉಳಿಯುವುದೇನು? ಆ ಚಳಿಯಲ್ಲಿ ಹೊಸ ಗಿಡವೊಂದು ಬಲಿಯುವುದಕ್ಕೆ ವರ್ಷಗಳೇ ಬೇಕು. 1997ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ಹತೋಟಿಗೆ ಒಳಪಡಿಸಲಾಯಿತು. ಈಗಲೂ ಇದು ಅಳಿವಿನ ಅಂಚಿನಲ್ಲಿರುವ ಸಸ್ಯಗಳಲ್ಲೊಂದು.

ಉಪಾಯವಿಲ್ಲವೆಂದಲ್ಲ. ಬೀಜ ಉದುರಿದ ಬಳಿಕವೇ ಅಗೆಯುವುದು, ಒಮ್ಮೆ ಅಗೆದ ಇಳಿಜಾರನ್ನು ಕೆಲವು ವರ್ಷ ಮುಟ್ಟದಿರುವುದು, ಬೇರಿನ ಮೊಳಕೆಯುಳ್ಳ ತಲೆತುಂಡನ್ನು ಕತ್ತರಿಸಿ ಅದೇ ಕುಳಿಯಲ್ಲಿ ಮತ್ತೆ ಹೂಳುವುದು. ಬುಟ್ಟಿಯ ತೂಕ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಹೂಳಿದ ತುಂಡು ಹಿಮದಡಿಯಲ್ಲಿ ಚಳಿಗಾಲವನ್ನು ಕಳೆಯುತ್ತದೆ.