ಮನೆ ಹೊತ್ತ ಬಂಡಿ

ಮನೆಯಿಂದ ಹೊರಡುವಾಗ ಮನೆಯನ್ನೇ ಜೊತೆಗೆ ಕರೆದೊಯ್ಯಬೇಕೆಂಬ ಆಸೆ ಗೃಹಸ್ಥರಿಗೆ ಹೊಸತಲ್ಲ. ಮೈಸೂರು ಸೀಮೆಯ ಹಳ್ಳಿಗಳಿಂದ ಸುತ್ತೂರಿನ ಜಾತ್ರೆಗೋ ಮುಡುಕುತೊರೆಯ ತೇರಿಗೋ ಹೊರಡುತ್ತಿದ್ದ ಕಮಾನುಬಂಡಿಗಳು ಒಂದೊಂದೂ ಒಂದು ಪುಟ್ಟ ಸಂಸಾರವೇ ಆಗಿದ್ದವು. ಮೇಲೆ ಬಿದಿರು ದಬ್ಬೆಯ ಕಮಾನು, ಅದಕ್ಕೆ ಹೊದಿಸಿದ ಚಾಪೆ. ಕೆಳಗೆ ದಪ್ಪನಾದ ಹುಲ್ಲಿನ ಮೆತ್ತೆ, ಹುಲ್ಲಿನ ಮೇಲೆ ಜಮಖಾನ, ಜಮಖಾನದ ಮೇಲೆ ಅಜ್ಜಿ, ಮೊಮ್ಮಕ್ಕಳು ಮತ್ತು ಬುತ್ತಿಯ ಗಂಟು. ಹೋಗುವಾಗ ಮೆತ್ತೆಯಾಗಿದ್ದ ಹುಲ್ಲು, ಜಾತ್ರೆಯ ಮಾಳದಲ್ಲಿ ಇಳಿದ ಮೇಲೆ ಎತ್ತುಗಳಿಗೆ ಮೇವಾಗುತ್ತಿತ್ತು. ಬಂಡಿ ಹೊಡೆಯುವವನು ಮೂಕಿಯನ್ನು ಒಮ್ಮೆ ಕೈಯಿಂದ ಎತ್ತಿ ನೋಡಿ, ‘ಹಿಂಭಾರವಾಯಿತು, ಅಕ್ಕಿ ಮೂಟೆಯನ್ನು ಇತ್ತ ತಳ್ಳಿ’ ಎನ್ನುತ್ತಿದ್ದ. ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಪೇಟೆಯ ಜಟಕಾದವನೂ ಇದೇ ಶಾಸ್ತ್ರವನ್ನು ಬಲ್ಲವನು. ‘ಸ್ವಲ್ಪ ಮುಂದೆ ಬನ್ನಿ ಸ್ವಾಮಿ’ ಎಂದು ಅವನು ಹೇಳುತ್ತಿದ್ದುದು ಉಪಚಾರಕ್ಕಲ್ಲ, ಕುದುರೆಯ ಬೆನ್ನನ್ನು ನೆನೆದು.

ಈಗ ಎತ್ತೂ ಇಲ್ಲ, ಮೂಕಿಯೂ ಇಲ್ಲ. ಪಿಕಪ್ ಗಾಡಿಯ ಬೆನ್ನ ಮೇಲೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಬಚ್ಚಲು ಇವೆಲ್ಲ ಇರುವ ಒಂದು ಪೆಟ್ಟಿಗೆಯನ್ನು ಕೂರಿಸಿಕೊಂಡು ದೇಶ ಸುತ್ತುವವರು ಮೈಸೂರಿನಲ್ಲಿಯೂ ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸಿಕೊಳ್ಳುತ್ತಿದ್ದಾರೆ. ಇದಕ್ಕೆ ಕ್ಯಾಂಪರ್ ಎಂದು ಹೆಸರು. ಈ ನಾಡಿನಲ್ಲಿ ಎರಡು ಸಾಲು ಆಸನಗಳ ಪಿಕಪ್ ಒಂದಕ್ಕೆ ಬೊಲೆರೋ ಕ್ಯಾಂಪರ್ ಎಂದೇ ನಾಮಕರಣವಾಗಿದೆ. ಆದರೆ ಅದರಲ್ಲಿ ಬಿಡಾರ ಹೂಡುವವರು ವಿರಳ, ಕೂಲಿಯಾಳುಗಳೂ ಸಿಮೆಂಟಿನ ಚೀಲಗಳೂ ಓಡಾಡುವುದೇ ಹೆಚ್ಚು.

ಸರಸ್ವತೀಪುರಂನ ನಿವೃತ್ತ ಮೇಷ್ಟರೊಬ್ಬರು ಇಂತಹ ಸಾಹಸಕ್ಕೆ ಕೈಹಾಕಿದುದು ಸುಖಕ್ಕಾಗಿ ಅಲ್ಲ. ಅವರ ತಾಯಿಗೆ 82 ವರ್ಷ. ಬೆನ್ನುಮೂಳೆಯ ಮಣಿಯೊಂದು ಸವೆದು ಕುಸಿದಿದೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೂರಲಾರರು. ಕೂತರೆ ಮತ್ತೊಂದು ಗಂಟೆ ಮಲಗಲೇಬೇಕು. ಕುಲುಕಾಟ ಕೂಡದೆಂದು ವೈದ್ಯರ ಕಟ್ಟಪ್ಪಣೆ. ಅಂತಹವರಿಗೆ ತಲಕಾವೇರಿಯನ್ನೊಮ್ಮೆ ನೋಡಬೇಕೆಂಬ ಹಂಬಲ. ‘ಜನ್ಮವೆಲ್ಲ ಕಾವೇರಿಯ ನೀರು ಕುಡಿದೆ, ಅವಳ ತವರನ್ನು ನೋಡಲಿಲ್ಲ’ ಎಂದು ಅವರು ವರ್ಷಕ್ಕೊಮ್ಮೆ ತುಲಾ ಸಂಕ್ರಮಣದ ದಿನ ಹೇಳುವರು. ಮಡಿಕೇರಿಯೇ ಮೈಸೂರಿನಿಂದ ಸುಮಾರು 120 ಕಿಲೋಮೀಟರು. ಅಲ್ಲಿಂದ ಭಾಗಮಂಡಲ, ಅದರಾಚೆಗೆ ಬೆಟ್ಟದ ದಾರಿ. ಹಾಸಿಗೆಯೂ ಶೌಚದ ಅನುಕೂಲವೂ ಬೆನ್ನ ಹಿಂದೆಯೇ ಇದ್ದರಲ್ಲದೆ ಈ ಯಾತ್ರೆ ಸಾಗದು. ಗಾಡಿ ಚಲಿಸುವಾಗ ಎಲ್ಲರೂ ಮುಂದಿನ ಆಸನಗಳಲ್ಲಿ. ನಿಂತಾಗ ಅಜ್ಜಿಗೆ ಪೆಟ್ಟಿಗೆಯ ಹಾಸಿಗೆ. ಹೀಗೆ ಯೋಚಿಸಿ, ಎರಡು ಸಾಲು ಆಸನಗಳ ಹಳೆಯ ಪಿಕಪ್ಪೊಂದನ್ನು ಕೊಂಡು, ಪೆಟ್ಟಿಗೆಯನ್ನು ಮಾಡಿಸಿದರು.

ಪೆಟ್ಟಿಗೆ ಕೂತಿತು, ಗಾಡಿಯೂ ಕೂತಿತು. ಹಿಂಭಾಗ ಕುಸಿದು, ಮೂತಿ ಮೇಲೆದ್ದು, ರಾತ್ರಿಯ ಹೊತ್ತು ದೀಪಗಳು ರಸ್ತೆಯನ್ನು ಬಿಟ್ಟು ಬೇವಿನ ಮರದ ಕೊಂಬೆಗಳನ್ನು ಬೆಳಗತೊಡಗಿದವು. ತಿರುವಿನಲ್ಲಿ ಪೆಟ್ಟಿಗೆ ಹೊರಕ್ಕೆ ವಾಲುತ್ತಿತ್ತು. ಉಬ್ಬು ಬಂದರೆ ಅಡಿಯಿಂದ ‘ಧಡ್’ ಎಂದು ಸದ್ದು. ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾದುದರಿಂದ ಸ್ಟಿಯರಿಂಗ್ ಹಗುರವಾಗಿ, ಗಾಡಿ ಎತ್ತ ಹೊರಳೀತೋ ಎಂಬ ಅಳುಕು. ಜಟಕಾದವನಾಗಿದ್ದರೆ ಒಂದೇ ಮಾತಿನಲ್ಲಿ ರೋಗವನ್ನು ಹೇಳಿಬಿಡುತ್ತಿದ್ದ: ಹಿಂಭಾರ.

ಚಿಕಿತ್ಸೆಗೆ ಮಾತ್ರ ಬಡಾವಣೆಯವರೆಲ್ಲ ವೈದ್ಯರಾದರು. ಎದುರುಮನೆಯವರು ‘ಎರಡು ಪಟ್ಟಿ ಸೇರಿಸಿ’ ಎಂದರು. ಲಾರಿಯ ವ್ಯಾಪಾರವಿದ್ದ ಬಂಧುಗಳು ‘ನಾಲ್ಕು ಸೇರಿಸಿ’ ಎಂದರು. ಮಗನಿಗೆ ಗಾಳಿ ತುಂಬುವ ಏರ್ ಬೆಲೋಗಳ ಮೇಲೆ ಮೋಹ. ಮೇಷ್ಟರಾದರೋ ಮೂವತ್ತು ವರ್ಷ ಭೌತಶಾಸ್ತ್ರವನ್ನು ಪಾಠ ಮಾಡಿದವರು. ಹೊರೆ ಎಷ್ಟು ಪಾಲು ಹೆಚ್ಚಿದರೆ ಸ್ಪ್ರಿಂಗು ಅಷ್ಟೇ ಪಾಲು ಹೆಚ್ಚು ಮಣಿಯುತ್ತದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು, ಪ್ರಯೋಗಶಾಲೆಯಲ್ಲಿ 50 ಗ್ರಾಮಿನ ಬಟ್ಟುಗಳನ್ನು ತೂಗುಹಾಕಿ ಎಷ್ಟೋ ಸಾವಿರ ಹುಡುಗರಿಗೆ ತೋರಿಸಿದವರು. ಅವರಿಗೆ ಒಂದು ಲೆಕ್ಕ ಕಾಡುತ್ತಿತ್ತು. ಹೊರೆಯಿಂದ ಕಮಾನು 25 ಸೆಂಟಿಮೀಟರು ಮಣಿಯುವಷ್ಟು ಮೆದುವಾಗಿದ್ದರೆ ಗಾಡಿ ಸೆಕೆಂಡಿಗೆ ಒಂದು ಸಲ ಮೇಲೆ ಕೆಳಗೆ ತೂಗುತ್ತದೆ, ತೊಟ್ಟಿಲಿನಂತೆ. ಆರೇ ಸೆಂಟಿಮೀಟರು ಮಣಿಯುವಷ್ಟು ಗಡುಸಾದರೆ ಸೆಕೆಂಡಿಗೆ ಎರಡು ಸಲ ಕುಲುಕುತ್ತದೆ, ಒನಕೆಯಂತೆ. ಪೆಟ್ಟಿಗೆ ಎದ್ದು ನಿಲ್ಲಬೇಕಾದರೆ ಕಮಾನು ಗಡುಸಾಗಬೇಕು. ಅಮ್ಮನ ಬೆನ್ನು ಉಳಿಯಬೇಕಾದರೆ ಮೆದುವಾಗಬೇಕು. ಈ ಎರಡನ್ನೂ ಹೊಂದಿಸುವ ಸೂತ್ರ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಬನ್ನಿಮಂಟಪದ ಕಡೆಯ ಕಮಾನುಪಟ್ಟಿಯ ಅಂಗಡಿಯಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಗಾಡಿಯ ಕೆಳಗೆ ನುಸುಳಿ, ಟಾರ್ಚು ಬಿಟ್ಟು ನೋಡಿ, ಹೊರಗೆ ಬಂದು ಕೈ ಒರೆಸಿಕೊಂಡರು. ಆಕ್ಸಲ್ಲಿನ ಮೇಲಿರುವ ತಡೆರಬ್ಬರು ಉಜ್ಜಿ ಹೊಳೆಯುತ್ತಿತ್ತು. ಕಮಾನು ಮಣಿಯುವಷ್ಟೂ ಮಣಿದು, ಚೌಕಟ್ಟು ಆಕ್ಸಲ್ಲಿಗೆ ತಾಗುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ. ‘ಧಡ್’ ಎಂಬ ಸದ್ದಿನ ಮೂಲವೂ ಅದೇ.

‘ಪಟ್ಟಿ ಸೇರಿಸಿದರೆ ಏಳುತ್ತೆ ಮೇಷ್ಟ್ರೆ, ಯಾರಿಲ್ಲ ಅಂದೋರು? ಪೆಟ್ಟಿಗೆ ಇಳಿಸಿದ ದಿನ ಮಾತ್ರ ನಿಮ್ಮನ್ನ ಆಕಾಶಕ್ಕೆ ಎಸೆಯುತ್ತೆ’ ಎಂದರು ಮೇಸ್ತ್ರಿ. ಅನಂತರ ಒಂದೊಂದಾಗಿ ಬಿಡಿಸಿ ಹೇಳಿದರು. ಹೆಲ್ಪರ್ ಎಂಬುದು ಮುಖ್ಯ ಕಮಾನಿನ ಮೇಲೆ ಕೂರುವ ಚಿಕ್ಕ ಕಮಾನು. ಹೊರೆ ಕಡಿಮೆಯಿದ್ದಾಗ ಅದು ಯಾರನ್ನೂ ಮುಟ್ಟದು. ಗಾಡಿ ಒಂದು ಮಟ್ಟಕ್ಕೆ ಇಳಿದ ಮೇಲೆಯೇ ಹೆಗಲು ಕೊಡುತ್ತದೆ. ಏರ್ ಬೆಲೋ ಎಂದರೆ ಚೌಕಟ್ಟಿಗೂ ಆಕ್ಸಲ್ಲಿಗೂ ನಡುವೆ ಇಡುವ ರಬ್ಬರಿನ ಗಾಳಿಬುಡ್ಡೆ. ಹೊರೆಗೆ ತಕ್ಕಂತೆ ಗಾಳಿ ಹಾಕಬಹುದು, ತೆಗೆಯಬಹುದು. ಎಡಬಲದ ಹೆಚ್ಚು ಕಡಿಮೆಯನ್ನೂ ಸರಿಪಡಿಸಬಹುದು. ಆದರೆ ಕಮಾನುಪಟ್ಟಿ ಎರಡು ತುದಿಗಳಲ್ಲಿ ಹಂಚಿ ಹೊರುವ ಭಾರವನ್ನು ಅದು ಚೌಕಟ್ಟಿನ ಒಂದೇ ಜಾಗದ ಮೇಲೆ ಹೇರುತ್ತದೆ; ದಾರಿಯಲ್ಲಿ ಸೋರಿದರೆ ಆಪದ್ಬಾಂಧವರು ಸಿಕ್ಕುವುದೂ ಕಷ್ಟ. ಆಕ್ಸಲ್ಲಿಗೂ ಕಮಾನಿಗೂ ನಡುವೆ ಕಬ್ಬಿಣದ ಗಟ್ಟಿ ಇಟ್ಟರೆ ಗಾಡಿ ಎತ್ತರವಾಗುತ್ತದೆ, ಬಲವಾಗದು. ಎತ್ತರವಾದಷ್ಟೂ ವಾಲುವುದು ಹೆಚ್ಚು.

‘ಮತ್ತೆ ಶಾಕ್ ಅಬ್ಸಾರ್ಬರ್?’ ಎಂದು ಮಗ ಕೇಳಿದ.

‘ಅದು ಭಾರ ಹೊರೋದಿಲ್ಲಪ್ಪ. ಕಮಾನು ಒಂದು ಸಲ ಕುಣಿದರೆ ಇನ್ನೊಂದು ಸಲ ಕುಣಿಯದಂಗೆ ಹಿಡಿಯುತ್ತೆ, ಅಷ್ಟೆ. ನಿಮ್ಮದರಲ್ಲಿ ಎಣ್ಣೆ ಸೋರಿದೆ, ಹಿಡಿಯೋಕೆ ಏನೂ ಉಳಿದಿಲ್ಲ. ವಾಲೋದಕ್ಕೆ ಬೇರೆ ಔಷಧಿ. ಆಂಟಿ ರೋಲ್ ಬಾರ್ ಅಂತ ಎರಡು ಪಕ್ಕಕ್ಕೂ ಸೇರಿಸಿದ ಒಂದು ಸರಳು ಬರುತ್ತೆ.’

ಮೇಷ್ಟರು ಟಿಪ್ಪಣಿ ಬರೆದುಕೊಂಡು, ‘ಹಾಗಾದರೆ ಎಷ್ಟು ಗಡುಸಿನ ಹೆಲ್ಪರ್ ಹಾಕೋಣ?’ ಎಂದರು. ಮೇಸ್ತ್ರಿ ಉತ್ತರಿಸದೆ, ಜಂಬೂಸವಾರಿ ಬರುವ ದಾರಿಯತ್ತ ಕೈ ತೋರಿದರು. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರು. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಆನೆಯ ಬೆನ್ನ ಮೇಲೆ ಬರುವುದು ಆ ದಾರಿಯಲ್ಲಿ. ಬೆನ್ನು ನೋಯದಂತೆ ಅಂಬಾರಿಯ ಅಡಿಯಲ್ಲಿ ನಮ್ದಾ ಹಾಕುತ್ತಾರೆ, ಅದರ ಮೇಲೆ ಗಾದಿ ಬಿಗಿಯುತ್ತಾರೆ. ದಸರೆಗೆ ವಾರಗಳ ಮುಂಚೆಯೇ ಮರಳಿನ ಮೂಟೆ ಹೊರಿಸಿ, ತೂಕವನ್ನು ದಿನದಿನಕ್ಕೆ ಏರಿಸಿ, ಅನಂತರ ಮರದ ಅಂಬಾರಿಯನ್ನು ಕಟ್ಟಿ ನಡೆಸಿ ನೋಡುತ್ತಾರೆ. 2020ರ ದಸರೆಯಲ್ಲಿ ಈ ಹೊಣೆ ಅರ್ಜುನನಿಂದ ಅಭಿಮನ್ಯುವಿಗೆ ಬಂದಾಗಲೂ ಹೊರುವ ತಾಕತ್ತನ್ನು ನೋಡಿಯೇ ಆನೆಯನ್ನು ಆರಿಸಿದರು.

‘ಗಾದಿ ದಪ್ಪ ಮಾಡಿದರೆ ಮರಿಯಾನೆ ಅಂಬಾರಿ ಹೊರುತ್ತಾ ಮೇಷ್ಟ್ರೆ? ಮೊದಲು ತೂಕ ಹಾಕಿಸಿಕೊಂಡು ಬನ್ನಿ. ಆಮೇಲೆ ಗಾದಿ ಮಾತು.’

ಇದು ಎಲ್ಲ ಸಲಹೆಗಾರರೂ ಬಿಟ್ಟಿದ್ದ ಮಾತು. ಕಮಾನನ್ನು ಎಷ್ಟು ಬಲಪಡಿಸಿದರೂ ಗಾಡಿ ಹೊರಬಹುದಾದ ಭಾರದ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ. ಆಕ್ಸಲ್ಲು ಅದೇ, ಬೇರಿಂಗು ಅದೇ, ಟೈರು ಅದೇ, ಘಾಟಿ ಇಳಿಯುವಾಗ ಗಾಡಿಯನ್ನು ಹಿಡಿಯಬೇಕಾದ ಬ್ರೇಕೂ ಅದೇ. ಗಡುಸಾದ ಕಮಾನು ಕುಸಿದ ಗಾಡಿಯನ್ನು ಎತ್ತಿ ನಿಲ್ಲಿಸಿ, ಹೆಚ್ಚಿನ ಹೊರೆಯನ್ನು ಕಣ್ಣಿಗೆ ಮರೆಮಾಡುತ್ತದೆ, ಬ್ರೇಕಿಗೆ ಮರೆಮಾಡಲಾರದು. ಕಾನೂನಿನ ಮಾತೂ ಇದಕ್ಕೆ ಹೊರತಲ್ಲ. ನೋಂದಣಿಯ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಿದೆ. ಆದುದರಿಂದ ಪೆಟ್ಟಿಗೆ ಮಾಡಿಸುವುದಕ್ಕೆ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

ಮರುದಿನ ನಂಜನಗೂಡು ರಸ್ತೆಯಲ್ಲಿ, ಬಂಡೀಪಾಳ್ಯದ ಮಾರುಕಟ್ಟೆಯ ಕಡೆಯ ವೇ ಬ್ರಿಡ್ಜಿಗೆ ಗಾಡಿ ಹೋಯಿತು. ನೀರು ತುಂಬಿ, ಸಾಮಾನು ಜೋಡಿಸಿ, ನಾಲ್ವರೂ ಕೂತೇ ತೂಗಿಸಬೇಕೆಂದು ಮೇಸ್ತ್ರಿಯ ಆದೇಶ. ಮೊದಲು ಮುಂದಿನ ಚಕ್ರಗಳು ಮಾತ್ರ, ಆಮೇಲೆ ಹಿಂದಿನವು ಮಾತ್ರ, ಕೊನೆಗೆ ಇಡೀ ಗಾಡಿ. ‘ನನಗೆ ಈ ವಯಸ್ಸಿನಲ್ಲಿ ತುಲಾಭಾರವೇನೋ?’ ಎಂದು ಅಜ್ಜಿ ನಕ್ಕರು.

ಖಾಲಿ ಗಾಡಿಯ ತೂಕ 1,700 ಕಿಲೋ. ನೋಂದಣಿ ಪತ್ರದ ಪ್ರಕಾರ ಎಲ್ಲ ಸೇರಿ 2,750 ಮೀರಬಾರದು. ಹೊರೆಗೆ ಉಳಿದುದು 1,050. ಪೆಟ್ಟಿಗೆ 560, ನಾಲ್ವರು 250, ಲೀಟರಿಗೆ ಒಂದು ಕಿಲೋದಂತೆ ನೀರು 120, ಎರಡು ಬ್ಯಾಟರಿ 110, ತುಂಬಿದ ಅನಿಲದ ಸಿಲಿಂಡರು 30, ಪಾತ್ರೆ ಪಗಡ ಬಟ್ಟೆಬರೆ 170. ಒಟ್ಟು 1,240! ಮಿತಿಗಿಂತ 190 ಕಿಲೋ ಹೆಚ್ಚು; ಅದರಲ್ಲಿಯೂ ಹೆಚ್ಚಿನ ಪಾಲು ಹಿಂದಿನ ಆಕ್ಸಲ್ಲಿನ ಮೇಲೆಯೇ. ಚೀಟಿಯನ್ನು ನೋಡಿದ ಮೇಲೆ ಎರಡು ಪಟ್ಟಿಯ ಮಾತನ್ನೂ ನಾಲ್ಕು ಪಟ್ಟಿಯ ಮಾತನ್ನೂ ಯಾರೂ ಎತ್ತಲಿಲ್ಲ.

ಅಂದು ಸಂಜೆ ಅಧಿಕಾರ ಮೇಷ್ಟರ ಕೈಯಿಂದ ಅವರ ಪತ್ನಿಯ ಕೈಗೆ ಹೋಯಿತು. ಸಂಸಾರದಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಸ್ಪ್ರಿಂಗಿನ ನಿಯಮ ತೀರ್ಮಾನಿಸಲಾರದಷ್ಟೆ.

‘ಏನ್ರೀ, ಊರೂರಿಗೂ ನೀರು ಸಿಗುತ್ತಲ್ಲ, ಅರ್ಧ ತುಂಬಿಸಿದರೆ ಸಾಲದೆ?’ ಎಂದರು ಆಕೆ. ಅರವತ್ತು ಕಿಲೋ ಇಳಿಯಿತು. ಟಿ.ವಿ.ಗೂ ಪುಟ್ಟ ಫ್ರಿಜ್ಜಿಗೂ ಎಂದು ಇಟ್ಟಿದ್ದ ಎರಡನೆಯ ಬ್ಯಾಟರಿ ಹೋಯಿತು; 55. ಪ್ಲೈವುಡ್ಡಿನ ಬೀರು ಬಿಚ್ಚಿ, ಬಟ್ಟೆಯ ಚೀಲಗಳನ್ನು ತೂಗುಹಾಕಿದರು, 50. ಗ್ರೈಂಡರು, ಹಿತ್ತಾಳೆಯ ಬೋಗುಣಿ, ಮೇಷ್ಟರ ಪುಸ್ತಕಗಳು ಸೇರಿ 30. ಪುಸ್ತಕಗಳ ವಿಷಯದಲ್ಲಿ ಸ್ವಲ್ಪ ವಾಗ್ವಾದ ನಡೆಯಿತಾದರೂ ತೀರ್ಪು ಬದಲಾಗಲಿಲ್ಲ. ಅತ್ತೆಯವರ ಹಾಸಿಗೆಯನ್ನು ಮಾತ್ರ ಆಕೆ ಮುಟ್ಟಗೊಡಲಿಲ್ಲ. ಒಟ್ಟು 195 ಕಿಲೋ ಕಳೆದು ಹೊರೆ 1,045ಕ್ಕೆ ಬಂದಿತು. ನೀರಿನ ತೊಟ್ಟಿಯೂ ಉಳಿದ ಬ್ಯಾಟರಿಯೂ ಹಿಂಬದಿಯಿಂದ ಆಕ್ಸಲ್ಲಿನ ಮುಂದಕ್ಕೆ ಸರಿದವು. ಭಾರವಾದ ಪದಾರ್ಥಗಳೆಲ್ಲ ನೆಲಮಟ್ಟಕ್ಕೆ ಇಳಿದವು. ಮತ್ತೆ ತೂಗಿಸಿದಾಗ ಮುಂದಿನ ಚಕ್ರಗಳಿಗೂ ತಮ್ಮ ಪಾಲು ಸಿಕ್ಕಿತ್ತು.

ಇಷ್ಟಾದ ಮೇಲೆ ಮೇಸ್ತ್ರಿಯ ಕೆಲಸ ಸುಲಭವಾಯಿತು. ದಣಿದ ಹಳೆಯ ಕಮಾನಿಗೆ ಬದಲಾಗಿ ಅದೇ ಅಳತೆಯ ಹೊಸದು. ಅದರ ಮೇಲೆ ಅತಿ ಗಡುಸಲ್ಲದ ಒಂದು ಹೆಲ್ಪರ್. ಸೋರಿದ್ದ ಶಾಕ್ ಅಬ್ಸಾರ್ಬರುಗಳಿಗೆ ಬದಲಿ. ವಾಲದಂತೆ ಹಿಂದೆ ಒಂದು ಆಂಟಿ ರೋಲ್ ಬಾರ್. ಏರ್ ಬೆಲೋ ಬೇಡವೆಂದಾಗ ಮಗನ ಮುಖ ಬಾಡಿತು. ಪೆಟ್ಟಿಗೆ ಸದಾ ಗಾಡಿಯ ಮೇಲೆಯೇ ಇರುವುದರಿಂದ ಹೊರೆ ಹೆಚ್ಚು ಏರಿಳಿಯದು, ಗಾಳಿಯನ್ನು ಏರಿಸಿ ಇಳಿಸುವ ಉಪಕಾರ ಇಲ್ಲಿ ಅನಗತ್ಯ ಎಂಬುದು ಮೇಸ್ತ್ರಿಯ ವಾದ. ಟೈರುಗಳ ಪಕ್ಕದಲ್ಲಿ ಅಚ್ಚಾದ ಭಾರಸಂಖ್ಯೆಯನ್ನು ಓದಿ, ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಬೇಕೆಂದು ಎಚ್ಚರಿಸಿದರು. 500 ಕಿಲೋಮೀಟರು ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಲು ಬರಬೇಕೆಂದರು. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂತುಕೊಳ್ಳುವಾಗ ಬೋಲ್ಟು ಸಡಿಲವಾಗುತ್ತದೆಯಂತೆ.

ತಲಕಾವೇರಿಗೆ ಹೊರಡುವ ಮುನ್ನ ನಂಜನಗೂಡಿನವರೆಗೆ ಒಂದು ಪರೀಕ್ಷಾಯಾತ್ರೆ ನಡೆಯಿತು. ಅಜ್ಜಿಯನ್ನು ಹಿಂದಿನ ಆಸನದಲ್ಲಿ ದಿಂಬು ಕೊಟ್ಟು ಕೂರಿಸಿದರು. ಮೊದಲನೆಯ ಉಬ್ಬು ಬಂದಾಗ ಮಗ ಉಸಿರು ಬಿಗಿಹಿಡಿದು ದಾಟಿಸಿದ. ಗಾಡಿ ಒಮ್ಮೆ ಎದ್ದು, ಒಮ್ಮೆ ಇಳಿದು, ಸುಮ್ಮನಾಯಿತು. ‘ಧಡ್’ ಇಲ್ಲ. ಎರಡನೆಯದು, ಮೂರನೆಯದು ಹೋದವು. ಕಪಿಲೆಯ ಸೇತುವೆ ಬಂದರೂ ಹಿಂದಿನಿಂದ ನರಳಾಟವಿಲ್ಲದ್ದನ್ನು ಕಂಡು ಮೇಷ್ಟರು ಗಾಬರಿಯಿಂದ ತಿರುಗಿ ನೋಡಿದರು. ಅಜ್ಜಿ ನಿದ್ರೆ ಹೋಗಿದ್ದರು.

ದೇವರ ದರ್ಶನವಾದ ಮೇಲೆ, ಹಿಂತಿರುಗುವ ದಾರಿಯಲ್ಲಿ ರಸಬಾಳೆಯ ಗೊನೆ ತೂಗುಹಾಕಿದ್ದ ಅಂಗಡಿಯ ಮುಂದೆ ಅಜ್ಜಿ ಗಾಡಿ ನಿಲ್ಲಿಸಲು ಹೇಳಿದರು. ಸೊಸೆ ಚೀಲವನ್ನು ಬಿಡಿಸಿಕೊಂಡು ಇಳಿದವರು, ಮೆಟ್ಟಿಲ ಮೇಲೆ ನಿಂತು ಗಂಡನನ್ನು ಕೇಳಿದರು: ‘ರೀ, ಲೆಕ್ಕದಲ್ಲಿ ಇನ್ನೂ ಐದು ಕಿಲೋ ಉಳಿದಿದೆಯಲ್ಲವೆ?’