ಕೆಸರು ಮೆತ್ತಿದ ಮುಖಗಳು

ಮಳೆ ಬಂದ ದಿನ ಸೈಕಲ್ ರೇಸ್ ನೋಡುತ್ತ ಕುಳಿತವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ‘ಮುಂದಿರೋನು ಯಾರು?’ ಬಿಸಿಲಿನ ದಿನ ಈ ಪ್ರಶ್ನೆ ಏಳುವುದಿಲ್ಲ. ಜೆರ್ಸಿಯ ಬಣ್ಣ, ಬೆನ್ನಿನ ಮೇಲಿನ ನಂಬರು, ಹೆಲ್ಮೆಟ್ಟು, ಇಷ್ಟಿದ್ದರೆ ಸಾಕು. ಮಳೆಯಲ್ಲಿ, ಅದರಲ್ಲೂ ಮಣ್ಣುರಸ್ತೆಯ ಮೇಲೆ, ಇವೆಲ್ಲ ಅಳಿಸಿಹೋಗುತ್ತವೆ. ಮೆಚ್ಚಿದ ಸವಾರನನ್ನು ನಾವು ನಿಜಕ್ಕೂ ಎಷ್ಟು ಬಲ್ಲೆವು ಅನ್ನುವುದು ಆಗ ತಿಳಿಯುತ್ತದೆ. ಮಳೆಯ ಹಂತಗಳೆಂದರೆ ನನಗೆ ಪ್ರಾಣ, ಅದು ಈ ಕಾರಣಕ್ಕೆ.

2010ರ ಮೇ 15ನ್ನೇ ತೆಗೆದುಕೊಳ್ಳಿ. ದಿನಕ್ಕೊಂದು ಹಂತದಂತೆ ನಡೆಯುವ ಇಟಲಿಯ ರೇಸ್ ಜಿರೊ ಡಿ ಇಟಾಲಿಯಾದ ಏಳನೇ ಹಂತ, ಕರ್ರಾರಾದಿಂದ ಮೊಂಟಾಲ್ಚಿನೊಗೆ, 220 ಕಿಲೋಮೀಟರಿನಷ್ಟು ದೂರ. ಕೊನೆಯ ಭಾಗದಲ್ಲಿ ಟಸ್ಕನಿಯ ಬಿಳಿ ಮಣ್ಣಿನ ರಸ್ತೆಗಳು. ಈ ರಸ್ತೆಗಳೆಲ್ಲ ಡಾಂಬರಿನಡಿ ಹೋಗಬಾರದೆಂದು 1997ರಿಂದ ಅಲ್ಲಿ ‘ಲೆರೊಯಿಕಾ’ ಎಂಬ ಹಳೆಯ ಸೈಕಲ್ಲುಗಳ ಸವಾರಿಯನ್ನೇ ನಡೆಸಿಕೊಂಡು ಬಂದಿದ್ದಾರೆ. ಒಣಗಿದ್ದಾಗ ಅವು ಬಿಳಿ ಧೂಳೆಬ್ಬಿಸುತ್ತವೆ. ಆ ದಿನ ಬಿಡದೆ ಸುರಿದ ಮಳೆಗೆ ಧೂಳೆಲ್ಲ ಕಲಸಿ ರಾಡಿಯಾಗಿತ್ತು. ಮುಂದಿನವನ ಹಿಂದಿನ ಚಕ್ರ ಎರಚಿದ್ದೆಲ್ಲ ಹಿಂದಿನವನ ಮುಖಕ್ಕೆ. ಕನ್ನಡಕದಿಂದ ಏನೂ ಕಾಣದೆ ಅದನ್ನು ಕಿತ್ತುಹಾಕಿದವರ ಕಣ್ಣಿಗೇ ಕೆಸರು. ಹಿಂದಿನ ಸಲದ ವಿಶ್ವ ಚಾಂಪಿಯನ್ ಆಸ್ಟ್ರೇಲಿಯಾದ ಕೆಡೆಲ್ ಎವಾನ್ಸ್ ತೊಟ್ಟಿದ್ದ ಜೆರ್ಸಿ ಬಿಳಿಯದು, ಎದೆಯ ಮೇಲೆ ಐದು ಬಣ್ಣದ ಪಟ್ಟಿ. ಅದರಲ್ಲಿ ಒಂದು ಬಣ್ಣವೂ ನೆಟ್ಟಗೆ ಉಳಿದಿರಲಿಲ್ಲ.

ಆದರೂ ಅವನನ್ನು ಬಲ್ಲವರು ಅವನನ್ನು ಗುರುತು ಹಿಡಿದರು. ಭುಜ ಕುಗ್ಗಿಸಿ, ಹ್ಯಾಂಡಲ್ಲಿನ ಜತೆ ಗುದ್ದಾಡುವವನಂತೆ ತಲೆ ತಗ್ಗಿಸಿ ತುಳಿಯುವುದು ಅವನ ರೀತಿ. ರಸ್ತೆ ಸೈಕ್ಲಿಂಗಿಗೆ ಬರುವ ಮೊದಲು ಅವನು ಮೌಂಟನ್ ಬೈಕ್ ಸವಾರ, 1998 ಮತ್ತು 1999ರಲ್ಲಿ ವಿಶ್ವಕಪ್ ಗೆದ್ದವನು. ಟೈರು ಪಕ್ಕಕ್ಕೆ ಸರಿದಾಗ ಗಾಬರಿಯಿಂದ ಬ್ರೇಕ್ ಒತ್ತದೆ, ಸರಿಯುವಷ್ಟು ಸರಿಯಲಿ ಎಂದು ಬಿಟ್ಟು ಆಮೇಲೆ ಸಾವರಿಸಿಕೊಳ್ಳುವ ವಿದ್ಯೆ ಕಾಡುದಾರಿಗಳಲ್ಲಿ ಕಲಿತದ್ದು. ಮೊಂಟಾಲ್ಚಿನೊದ ಏರಿನಲ್ಲಿ ಕುನೆಗೊ, ವಿನೊಕುರೊವ್ ಇಬ್ಬರನ್ನೂ ಹಿಂದಿಕ್ಕಿ ಗೆದ್ದ. ಒಟ್ಟು ಸಮಯದಲ್ಲಿ ಮುಂದಿರುವವನ ಗುಲಾಬಿ ಜೆರ್ಸಿ ತೊಟ್ಟು ಹೊರಟಿದ್ದ ವಿಂಚೆನ್ಜೊ ನಿಬಾಲಿ ದಾರಿಯಲ್ಲಿ ಬಿದ್ದು ಸಂಜೆಗೆ ಅದನ್ನು ಕಳೆದುಕೊಂಡ. ಅದೇ ನಿಬಾಲಿ ನಾಲ್ಕು ವರ್ಷದ ನಂತರ, ಟೂರ್ ಡಿ ಫ್ರಾನ್ಸ್‌ನ ಐದನೇ ಹಂತದಲ್ಲಿ, ಈಪ್ರ್‌ನಿಂದ ಆರೆನ್‌ಬರ್ಗ್‌ವರೆಗಿನ ಒದ್ದೆ ಕಲ್ಲುಹಾಸಿನ ಮೇಲೆ ಎದುರಾಳಿ ಕೊಂತಾದೊರ್‌ನನ್ನು ಎರಡೂವರೆ ನಿಮಿಷ ಹಿಂದೆ ಬಿಟ್ಟು ಬಂದ. ಆ ಟೂರ್ ಗೆದ್ದ. ನಮ್ಮ ಮೆಚ್ಚಿನವನು ಕೆಸರಿನಲ್ಲಿ ಸೋತು, ಮತ್ತೆ ಕೆಸರಿನಲ್ಲೇ ಗೆಲ್ಲುವುದನ್ನು ಕಂಡಾಗ ಆಗುವ ಸಂತೋಷವೇ ಬೇರೆ.

ಆಗಿನ ಸೈಕಲ್ಲುಗಳ ಬ್ರೇಕನ್ನೂ ನೆನೆಯಬೇಕು. ಎಲ್ಲ ರಿಮ್ ಬ್ರೇಕುಗಳು. ರಿಮ್ ಒದ್ದೆಯಾದರೆ ಲಿವರ್ ಒತ್ತಿದ ಕ್ಷಣಕ್ಕೆ ಏನೂ ಆಗುವುದಿಲ್ಲ; ರಬ್ಬರು ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿತ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಳಿಯುವವನಿಗೆ ಆ ‘ಆಮೇಲೆ’ ಬಹಳ ದೂರ. ಸಾಲದ್ದಕ್ಕೆ ಕೆಸರಿನ ಮರಳು ರಬ್ಬರನ್ನೂ ಸವೆಸುತ್ತದೆ. ಈಗ ಡಿಸ್ಕ್ ಬ್ರೇಕು ಬಂದಿದೆ, ಟೈರೂ ಅಗಲವಾಗಿದೆ. ರಸ್ತೆ ಮಾತ್ರ ಹಾಗೇ ಇದೆ.

ಮಳೆಯಲ್ಲಿ ನಿಧಾನಿಸಬೇಕೇ ಬೇಡವೇ ಎಂಬಲ್ಲಿ ಅಭಿಮಾನಿಗಳು ಎರಡು ಬಣವಾಗುತ್ತಾರೆ. 2020ರ ಆಗಸ್ಟ್ 29ರಂದು ನೀಸ್‌ನಲ್ಲಿ ಟೂರ್ ಆರಂಭವಾದಾಗ ಮಳೆ ಹಿಡಿಯಿತು. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಡಾಂಬರು ಎಷ್ಟು ಜಾರುತ್ತದೆಂದು ಬೆಂಗಳೂರಿನ ಬೈಕ್ ಸವಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಣ್ಣೆ, ಧೂಳು ಎಲ್ಲ ಮೇಲೆದ್ದು ನೊರೆಯಾಗುತ್ತದೆ. ಸವಾರರು ಸಾಲುಸಾಲಾಗಿ ಬಿದ್ದರು. ಕೊನೆಗೆ ಜರ್ಮನಿಯ ಟೋನಿ ಮಾರ್ಟಿನ್ ಗುಂಪಿನ ಮುಂದೆ ಬಂದು ಎರಡೂ ಕೈ ಅಗಲಿಸಿದ: ಇನ್ನು ನಿಧಾನ. ಆಸ್ತಾನಾ ತಂಡದವರು ಒಂದು ಇಳಿಜಾರಿನಲ್ಲಿ ಆ ಮಾತು ಮೀರಿ ವೇಗ ಹೆಚ್ಚಿಸಿದರು. ಅವರ ನಾಯಕ ಮಿಗೆಲ್ ಆಂಹೆಲ್ ಲೋಪೆಸ್ ಜಾರಿ ರಸ್ತೆ ಬದಿಯ ಫಲಕಕ್ಕೇ ಹೋಗಿ ಬಡಿದ. ನಿಧಾನಿಸಿದರೆ ಅದು ರೇಸೇ ಎಂದು ಗೊಣಗಿದವರಿದ್ದಾರೆ. ಪಂಥವೇ ಆಟದ ಜೀವ ಎಂಬ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕೆಸರು ಮೆತ್ತಿದ ಮುಖವನ್ನೂ ಭುಜದಿಂದ ಗುರುತು ಹಿಡಿಯುವಷ್ಟು ಒಬ್ಬನನ್ನು ಬಲ್ಲವರು ಅವನು ಬೀಳಲೆಂದು ಹೇಗೆ ಕಾಯುತ್ತಾರೆ? ಮಾರ್ಟಿನ್ ಅಗಲಿಸಿದ ಕೈಗಳಿಗೂ ಚಪ್ಪಾಳೆ ಸಲ್ಲಬೇಕು. 2024ರ ಸೆಪ್ಟೆಂಬರಿನಲ್ಲಿ, ಜೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಮಳೆಯಲ್ಲಿ ತೊಯ್ದ ಕಾಡುರಸ್ತೆಯಲ್ಲಿ ಸ್ವಿಟ್ಜರ್ಲೆಂಡಿನ 18 ವರ್ಷದ ಮ್ಯೂರಿಯಲ್ ಫರರ್ ಬಿದ್ದಳು, ಮರುದಿನ ತೀರಿಕೊಂಡಳು. ಅಂದಿನಿಂದ ಮಳೆಯಲ್ಲಿ ಬಿದ್ದವರ ದೃಶ್ಯವನ್ನು ಟಿವಿಯವರು ಮತ್ತೆ ಮತ್ತೆ ತೋರಿಸಿದರೆ ನನಗೆ ನೋಡಲಾಗುವುದಿಲ್ಲ.

ಇಷ್ಟಾಗಿಯೂ ಅತಿ ದೊಡ್ಡ ಜಗಳ 2019ರ ಜುಲೈ 26ರದು. ಟೂರ್‌ನ ಹತ್ತೊಂಬತ್ತನೇ ಹಂತ, 2,770 ಮೀಟರ್ ಎತ್ತರದ ಇಜೆರಾನ್ ಕಣಿವೆದಾರಿ. 1985ರಲ್ಲಿ ಟೂರ್ ಗೆದ್ದ ಇನೋ ನಂತರ ತಮ್ಮವನೊಬ್ಬ ಗೆಲ್ಲಲಿ ಎಂದು ಫ್ರೆಂಚರು ಹಾತೊರೆಯುತ್ತಿದ್ದರು. ಆ ಹಂತದ ಆರಂಭದ ಭಾಗದಲ್ಲೇ ತೊಡೆಯ ನೋವು ತಡೆಯಲಾರದೆ ತಿಬೊ ಪಿನೊ ಅಳುತ್ತ ಸೈಕಲ್ಲಿನಿಂದ ಇಳಿದ. ಉಳಿದವನು ಟೂರ್‌ನಲ್ಲಿ ಮುಂದಿರುವವನ ಹಳದಿ ಜೆರ್ಸಿ ತೊಟ್ಟಿದ್ದ ಜೂಲಿಯನ್ ಅಲಾಫಿಲಿಪ್. ಕೊಲಂಬಿಯಾದ ಎಗಾನ್ ಬೆರ್ನಾಲ್ ಅವನಿಗಿಂತ ಎರಡು ನಿಮಿಷದಷ್ಟು ಮೊದಲು ಶಿಖರ ದಾಟಿ ಇಳಿಯತೊಡಗಿದ. ಸವಾರರಿದ್ದ ಕಡೆ ರಸ್ತೆ ಒಣಗಿತ್ತು. ಅವರು ಹೋಗಬೇಕಿದ್ದ ಕೆಳಗಿನ ಕಣಿವೆಯಲ್ಲಿ ಆಲಿಕಲ್ಲು ಸುರಿದು ನೆಲ ಬೆಳ್ಳಗಾಗಿತ್ತು, ಗುಡ್ಡ ಕುಸಿದು ಮಣ್ಣು ದಾರಿಗೆ ಬಂದಿತ್ತು, ಯಂತ್ರವೊಂದು ಅದನ್ನು ತಳ್ಳುತ್ತಿತ್ತು. ರೇಸ್ ನಿಂತಿತು. ನಿಲ್ಲಿಸಿದ್ದೇಕೆಂದು ತಿಳಿಯದೆ ಸವಾರರು ಕೈಯಾಡಿಸಿ ಜಗಳಕ್ಕೆ ನಿಂತರು. ಶಿಖರದಲ್ಲಿ ತೆಗೆದ ಸಮಯವೇ ಲೆಕ್ಕಕ್ಕೆ ಬಂತು. ಹಳದಿ ಜೆರ್ಸಿ ಬೆರ್ನಾಲ್‌ಗೆ ಹೋಯಿತು, ಹಂತಕ್ಕೆ ವಿಜೇತನೇ ಇಲ್ಲವಾಯಿತು. ಎರಡು ದಿನದ ನಂತರ ಬೆರ್ನಾಲ್ ಟೂರ್ ಗೆದ್ದ ಮೊದಲ ಕೊಲಂಬಿಯನ್ ಆದಾಗ ಬೊಗೋಟಾ ಪಕ್ಕದ ಅವನ ಸಿಪಾಕಿರಾದಲ್ಲಿ ಜನ ಊರ ಚೌಕದಲ್ಲಿ ತುಂಬಿಹೋಗಿದ್ದರು.

ಇಳಿಜಾರಿನಲ್ಲಿ ಅಲಾಫಿಲಿಪ್ ಹಿಡಿದೇಬಿಡುತ್ತಿದ್ದ ಎಂದು ವಾದಿಸುವ ಅಭಿಮಾನಿಗಳು ಈಗಲೂ ಸಿಗುತ್ತಾರೆ. ವಾದದಲ್ಲಿ ಹುರುಳಿದೆ; ಇಳಿಯುವುದರಲ್ಲಿ ಅವನಷ್ಟು ಚುರುಕಿನವರು ಕಡಿಮೆ. ಆದರೆ ಹಿಡಿಯಲಿಕ್ಕೆ ಕೆಳಗೆ ರಸ್ತೆಯೇ ಉಳಿದಿರಲಿಲ್ಲ.